ನಮ್ಮ ಜಾಲಿ, ಅವಳ ಬಣವೆ

ಕುರುಗೋಡಿನಲ್ಲಿ ನಮಗೊಂದು ಜಾಗವಿದೆ. ಜಾಗ ಅಂದರೆ, ಅಪ್ಪ ಕಟ್ಟಿದ ಮನೆ ಬಿದ್ದು, ಅದರ ಕಲ್ಲುಗಳನ್ನು ಯಾರು ಯಾರೋ ಹೊತ್ತುಕೊಂಡು ಹೋಗಿ, ಉಳಿದ ಬಯಲನ್ನು ಬಳ್ಳಾರಿ ಜಾಲಿ ನುಂಗಿ ಹಾಕಿರುವ ಜಾಗ. ಅದಕ್ಕೆ ಮೂವರು ಹಕ್ಕುದಾರರು. ಬ್ರೂಸ್‌ಪೇಟೆಯಲ್ಲಿ ಅಂಗಡಿಯ ಮೇಲಿನ ಮನೆಯಲ್ಲಿ ಕೂತು ಇಡೀ ಓಣಿಯನ್ನು ಕಿಟಕಿಯಿಂದಲೇ ಆಳುವ ನಮ್ಮ ಅಕ್ಕ, ಸತ್ಯನಾರಾಯಣಪೇಟೆಯಲ್ಲಿ ಮಗ ಸೊಸೆಯ ಜೊತೆ ಇರುವ ನಾನು, ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ನಮ್ಮ ತಮ್ಮ. ಮೂವರಿಗೂ ಮೊಮ್ಮಕ್ಕಳಾದವು, ಜಾಗ ಮಾತ್ರ ಪಾಲಾಗಲಿಲ್ಲ. ಕೂತು ಮಾತಾಡಲು ಹೋದಾಗಲೆಲ್ಲ ಊಟ ಮುಗಿಯುವ ತನಕ ಚೆನ್ನಾಗಿಯೇ ಇರುತ್ತೇವೆ. ಎಲೆ ಅಡಿಕೆ ಬಂದಾಗ ಜಗಳ ಶುರುವಾಗುತ್ತದೆ.

ಆ ಜಾಗಕ್ಕೆ ಅಂಟಿಕೊಂಡೇ ನನ್ನ ಗೆಳತಿಯ ಹಿತ್ತಲು. ನಾವಿಬ್ಬರೂ ಒಂದೇ ಶಾಲೆಗೆ ಹೋಗಿ ಒಬ್ಬರೇ ಮೇಷ್ಟರ ಕೈಯಲ್ಲಿ ಏಟು ತಿಂದವರು. ನಾನು ಮದುವೆಯಾಗಿ ಬಳ್ಳಾರಿಗೆ ಬಂದೆ. ಅವಳು ಅದೇ ಓಣಿಯಲ್ಲಿ ಸೋದರಮಾವನನ್ನು ಕಟ್ಟಿಕೊಂಡು ಅಲ್ಲೇ ಉಳಿದಳು. ಗಂಡ ಹೋದ ಮೇಲೆ ಎಮ್ಮೆಗಳೇ ಅವಳ ಸಂಸಾರ. ಹಾಲು ಮೊಸರು ಮಾರಿ ಮನೆ ನಡೆಸುತ್ತಾಳೆ. ಹಿತ್ತಲಲ್ಲಿ ಅವಳ ಬಣವೆ ಇದೆ. ಕೆಳಗೆ ಭತ್ತದ ನೆಲ್ಲುಹುಲ್ಲು, ಮೇಲೆ ಜೋಳದ ಒಣದಂಟಿನ ಸೊಪ್ಪೆ, ಎಲ್ಲ ಅವಳೇ ನಿಂತು ಒಟ್ಟಿಸಿದ್ದು. ಬೇಸಿಗೆ ಕಳೆದು ಮಳೆ ಬಿದ್ದು ಹಸಿಹುಲ್ಲು ಏಳುವ ತನಕ ಎಮ್ಮೆಗಳ ಹೊಟ್ಟೆಗೆ ಅದೊಂದೇ ದಿಕ್ಕು. ಬಣವೆ ಹೋದರೆ ಎಮ್ಮೆ ಮಾರಬೇಕು. ಎಮ್ಮೆ ಮಾರಿದರೆ ಹೊಸಪೇಟೆಯ ಮಗನ ಮನೆಗೆ ಹೋಗಬೇಕು. "ಅಲ್ಲಿ ಸೊಸಿ ಎದ್ದು ಒಲಿ ಹಚ್ಚಾತನಕ ಚಾ ಸಿಗಂಗಿಲ್ಲ. ನಾ ಕೋಳಿಗಿಂತ ಮದ್ಲು ಏಳಾಕಿ" ಅನ್ನುತ್ತಾಳೆ. ಅವಳ ಪಾಲಿಗೆ ಸ್ವಾತಂತ್ರ್ಯ ಅಂದರೆ ಬೆಳಿಗ್ಗೆ ತನ್ನ ಕೈಯಾರೆ ಕಾಸಿಕೊಳ್ಳುವ ಆ ಚಹಾ. ಅದು ಬಣವೆಯ ಮೇಲೆ ನಿಂತಿದೆ.

ನಮ್ಮ ಜಾಲಿ ನಿಂತಿದ್ದದ್ದೂ ಆ ಬಣವೆಯ ಮೈಗೆ ಮೈ ತಾಗಿಸಿಯೇ.

ಯಾಕೆ ಕಡಿಸಲಿಲ್ಲ ಅಂತ ನೀವು ಕೇಳಬಹುದು. ನಮ್ಮ ಮನೆತನದಲ್ಲಿ ಪಾಲಾಗದ ಆಸ್ತಿಗೆ ಒಂದು ಕಟ್ಟುಪಾಡಿದೆ. ಅದಕ್ಕೆ ಮೊದಲು ಯಾರು ಕೊಡಲಿ ಹಾಕುತ್ತಾರೋ ಅವರು ಜಾಗಕ್ಕೆ ಕೈ ಹಾಕಿದ ಹಾಗೆ. ನಮ್ಮ ದೊಡ್ಡಪ್ಪಂದಿರು ಒಂದು ಬೇವಿನ ಕೊಂಬೆಯ ಸಲುವಾಗಿ ಸಾಯುವ ತನಕ ಮಾತಾಡಲಿಲ್ಲ. ನಮ್ಮ ಕಾಲದಲ್ಲೂ ಅಷ್ಟೇ. ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಕಟ್ಟಿಗೆ ಬೇಕು ಅಂತ ಅಕ್ಕ ಒಮ್ಮೆ ಕಡಿಯುವವನನ್ನು ಕಳಿಸಿದ್ದಳು. ಸುದ್ದಿ ಹೇಗೆ ಹೋಯಿತೋ, ತಮ್ಮ ಸಿರುಗುಪ್ಪದಿಂದ ಬೈಕಿನಲ್ಲಿ ಬಂದು ಜಾಲಿಯ ಕೆಳಗೆ ಟವಲು ಹಾಸಿಕೊಂಡು ಕೂತುಬಿಟ್ಟ. ಕಡಿಯುವವನು ಬೀಡಿ ಸೇದಿ ಎದ್ದು ಹೋದ. ತೊಟ್ಟಿಲ ಕಾರ್ಯಕ್ಕೆ ತಮ್ಮ ಬಂದ, ಮಗುವಿನ ಕೈಗೆ ಉಡುಗೊರೆ ಇಟ್ಟ, ಹೋಳಿಗೆ ಮಾತ್ರ ಮುಟ್ಟಲಿಲ್ಲ. ಅವನು ಹೋಳಿಗೆ ಬಿಟ್ಟದ್ದು ಅದೊಂದೇ ಸಲ. ಅಷ್ಟು ಸಿಟ್ಟು! ಅಲ್ಲಿಂದ ಮುಂದೆ ನಾವು ಮೂವರೂ ಆ ಜಾಗದ ಒಂದು ಕಡ್ಡಿ ಮುರಿಯಲಿಲ್ಲ. ಜಾಲಿಗೆ ಇನ್ನೇನು ಬೇಕು? ರಾಜಕುಮಾರಿಯ ಹಾಗೆ ಬೆಳೆಯಿತು.

ಹೀಗಿರುವಾಗ ಮೊನ್ನೆ ಬೇಸಿಗೆಯ ಒಂದು ಮಧ್ಯಾಹ್ನ ಗೆಳತಿಯ ಫೋನು ಬಂತು.

"ಲೇ, ಬದುಕೀಯೇನಲೇ?"

"ಬದುಕೀನಿ. ಯಾಕ?"

"ನಿಮ್ಮ ಜಾಗಕ್ಕ ಬೆಂಕಿ ಬಿದ್ದಿತ್ತು. ಆರಿಸಿ ಈಗ ಚಾ ಕುಡಿಯಾಕತ್ತೀನಿ. ನೀ ಊಟ ಮಾಡಿದ್ಯಾ?"

ರಸ್ತೆ ಬದಿಯ ಕಸಕ್ಕೆ ಯಾವನೋ ಕಡ್ಡಿ ಗೀರಿ ಹೋಗಿದ್ದನಂತೆ. ಜಾಲಿಯ ಬುಡದ ಒಣಹುಲ್ಲು ಹಿಡಿದುಕೊಂಡು ಬೆಂಕಿ ಹಾವಿನ ಹಾಗೆ ಹರಿದು ಬಂದು ಬಣವೆಗೆ ಕೈಯಳತೆಯಲ್ಲಿ ಹೆಡೆ ಎತ್ತಿತ್ತಂತೆ. ಓಣಿಯ ಹೆಂಗಸರೆಲ್ಲ ಗೋಣಿಚೀಲಗಳನ್ನು ಎಮ್ಮೆಯ ನೀರಿನ ಬಾನಿಯಲ್ಲಿ ಅದ್ದಿ ತಂದು ಬಡಿದು ಆರಿಸಿದ್ದರು.

"ನಾವೇನು ಹಚ್ಚಿಲ್ಲಲ್ಲ" ಅಂದೆ. ಬಾಯಿಗೆ ಬಂದದ್ದು ಅದೇ.

"ಗಿಡ ನಿಮ್ಮವು, ಕಡ್ಡಿ ಯಾವನದೋ, ಬಣವಿ ನಂದು. ನಡಕ ನನ್ನ ಎಮ್ಮಿ ಯಾಕ ಉಪಾಸ ಬೀಳಬೇಕು ಹೇಳಬೇ?" ಅಂದು ಫೋನು ಇಟ್ಟಳು.

ಅವಳು ಬರೀ ಫೋನು ಇಟ್ಟು ಸುಮ್ಮನೆ ಕೂರುವವಳಲ್ಲ. ಪುರಸಭೆಗೆ ಹೋಗಿ ಹೇಳಿ ಬಂದಳು. ಅವರು ಬಂದು ನೋಡಿ, ಮೂವರ ಹೆಸರಿಗೂ ನೋಟೀಸು ಬರೆದು, ಕೊಡಲು ಯಾರೂ ಇಲ್ಲದ್ದಕ್ಕೆ ಜಾಲಿಯ ಬೊಡ್ಡೆಗೆ ಅಂಟಿಸಿ ಹೋದರು. ಇವಳು ಅದನ್ನು ಹುಷಾರಾಗಿ ಬಿಡಿಸಿಕೊಂಡು, ಒಂದು ಗಡಿಗೆ ಮೊಸರಿನ ಜೊತೆ ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಮೊದಲು ಮೊಸರು ಕೊಟ್ಟಳು, ಆಮೇಲೆ ನೋಟೀಸು. ಸ್ನೇಹ ಅಂದರೆ ಹೀಗಿರಬೇಕು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ವಕೀಲ ಬಾಡಿಗೆಗೆ ಇದ್ದಾನೆ. ಕರೆದು ಓದಿಸಿದೆ. ನಿಮ್ಮ ಸ್ವತ್ತಿನಲ್ಲಿ ಬೆಳೆದ ಗಿಡಗಂಟಿ, ಒಣಹುಲ್ಲು, ಕಸ ತೆರವು ಮಾಡತಕ್ಕದ್ದು, ತಪ್ಪಿದರೆ ನಾವೇ ತೆರವು ಮಾಡಿ ಖರ್ಚನ್ನು ನಿಮ್ಮಿಂದ ವಸೂಲು ಮಾಡುತ್ತೇವೆ, ಸುಟ್ಟು ತೆರವು ಮಾಡಕೂಡದು ಎಂದು ಬರೆದಿತ್ತು.

"ಅಲ್ಲಪ್ಪ, ಹಚ್ಚಿದವನನ್ನ ಹಿಡೀಬೇಕು, ನಮ್ಮನ್ಯಾಕ ಹಿಡೀತಾರ?"

"ಹಚ್ಚಿದವನು ಸಿಕ್ಕರ ಅವನನ್ನೂ ಹಿಡೀತಾರ ಅಮ್ಮಾರ. ಆದ್ರ ಹತ್ತಂಗ ಬಿಟ್ಟೋರು ಯಾರು? ಜಾಗ ಯಾರದೋ ಅವರು ತಮ್ಮ ಜಾಗದಿಂದ ಬೆಂಕಿ ಪಕ್ಕದ ಮನಿಗೆ ಹೋಗದಂಗ ನೋಡ್ಕೋಬೇಕು. ಗೊತ್ತಿದ್ದೂ ಸುಮ್ಮನಿದ್ರ, ನಾಳಿ ಬಣವಿ ಸುಟ್ಟ ಮ್ಯಾಲ ಇವರು ಕೋರ್ಟಿಗೆ ಹೋದ್ರ, ಉತ್ತರ ನೀವು ಕೊಡಬೇಕಾಗ್ತದ."

"ಮೂರು ಮಂದಿ ಅದೀವಿ."

"ಮೂರು ಮಂದಿನೂ ಕೊಡ್ರಿ."

ಗೆಳತಿ ಮೂಲೆಯಲ್ಲಿ ಕೂತು ಚಹಾ ಊದುತ್ತಾ, "ಪಾಲು ಅಂತೂ ಆತು ನೋಡವಾ. ಜಾಗ ಆಗಲಿಲ್ಲ, ಜವಾಬ್ದಾರಿ ಆತು" ಅಂದಳು.

ಯುಗಾದಿ ರಜೆಗೆ ಬಂದಿದ್ದ ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಹೋಗಿದ್ದಳು. ಒಂದೇ ಬೆರಳು, ಆದರೆ ಜೋರಾಗಿ ಒತ್ತುತ್ತೇನೆ. ಈಗ ಇದನ್ನೂ ಹಾಗೆಯೇ ಒತ್ತುತ್ತಿದ್ದೇನೆ. ಕಲಿತ ಖುಷಿಗೆ ಅಕ್ಕ ತಮ್ಮನನ್ನು ಸೇರಿಸಿ ಒಂದು ಗುಂಪು ಕಟ್ಟಿದ್ದೆ. ಅದರಲ್ಲಿ ತಮ್ಮ ದಿನಾ ಬೆಳಿಗ್ಗೆ ಒಂದು ಕಮಲದ ಹೂವು ಕಳಿಸುತ್ತಾನೆ, ಅಷ್ಟೇ. ಅಕ್ಕ ಟೈಪು ಮಾಡುವುದಿಲ್ಲ, ಅದು ಗುಮಾಸ್ತರ ಕೆಲಸ ಅನ್ನುತ್ತಾಳೆ. ಅವಳದು ಏನಿದ್ದರೂ ಧ್ವನಿ. ಹಿಂದೆ ಬ್ರೂಸ್‌ಪೇಟೆಯ ಆಟೋಗಳ ಹಾರ್ನು, ಮುಂದೆ ಅಕ್ಕನ ಅಪ್ಪಣೆ.

ನೋಟೀಸಿನ ಫೋಟೋ ತೆಗೆದು ಗುಂಪಿಗೆ ಹಾಕಿದೆ. ತಮ್ಮ ಕಮಲದ ಹೂವು ಕಳಿಸಿದ. ಅಕ್ಕನ ಧ್ವನಿ ಬಂತು:

"ನೀ ಕಡಿಸ್ತೀನಿ ಅಂದ್ರ ನಾ ಒಪ್ಪಂಗಿಲ್ಲ. ಅವ ಕಡಿಸ್ತೀನಿ ಅಂದ್ರೂ ನಾ ಒಪ್ಪಂಗಿಲ್ಲ. ನಾ ಕಡಿಸ್ತೀನಿ ಅಂದ್ರ ಅವ ಬಂದು ಟವಲು ಹಾಸ್ತಾನ. ಅದಕ್ಕ ಯಾರೂ ಕಡಿಸೋದು ಬ್ಯಾಡ. ಏ, ಆಟೋ ಪಕ್ಕಕ್ಕ ಹಚ್ಚಲೇ!"

ಕೊನೆಯ ಮಾತು ನಮಗಲ್ಲ, ಕಿಟಕಿಯ ಕೆಳಗಿನವನಿಗೆ.

"ಹಂಗಾರ ಬೆಂಕಿಗೆ ಬಿಡಾನು, ಅದು ಪಾಲು ಕೇಳಂಗಿಲ್ಲ" ಎಂದು ಒತ್ತಿದೆ. ತಮ್ಮ ಓದದೆಯೇ ಹೆಬ್ಬೆರಳು ಎತ್ತಿದ.

ಮರುದಿನ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೊರಟೆ. ತಮ್ಮನನ್ನು ಫೋನಿನಲ್ಲಿ ಹಿಡಿಯುವುದು ಕಷ್ಟ, ಹೊಲದಲ್ಲಿ ಸುಲಭ. ಅಲ್ಲಿ ಓಡಲು ಅವನಿಗೆ ಮನಸ್ಸಿರುವುದಿಲ್ಲ. ನಾನು ಹೋದಾಗ ಮಿಷನ್ನು ಭತ್ತ ಕೊಯ್ದು ಹೋಗಿತ್ತು. ತಮ್ಮ ಟ್ರ್ಯಾಕ್ಟರಿನ ಮೇಲೆ ಕೂತು ಹೊಲದ ಅಂಚಿಗಷ್ಟೇ ಸುತ್ತ ಉಳುಮೆ ಹೊಡೆಯುತ್ತಿದ್ದ. ನಡುವೆ ಕೊಯ್ದುಳಿದ ಕೂಳೆ ಹಾಗೇ ಇತ್ತು.

"ಏನಲೇ ಇದು, ಸೀರಿಗೆ ಅಂಚು ಹಚ್ಚಿದಂಗ? ಕೂಳಿ ಸುಡಾಕ ಹತ್ತೀಯೇನು? ಸುಡಬ್ಯಾಡ್ರಿ ಅಂತಾರಲ್ಲ."

"ನಾ ಸುಡಂಗಿಲ್ಲ ಯಕ್ಕಾ. ಹುಲ್ಲು ಮಾರೀನಿ. ಆದ್ರ ಆ ಕಡಿ ಹೊಲದವ ಸುಡ್ತಾನ, ಅವನಿಗೆ ಯಾರು ಹೇಳಬೇಕು? ಅವನ ಕಿಡಿ ನನ್ನ ಕೂಳಿ ಹಿಡಕೊಂಡು ಈ ಕಡಿ ನೋಡು, ಇವರ ಭತ್ತ ಇನ್ನೂ ನಿಂತೈತಿ, ಇದಕ್ಕ ಹೋಯ್ತು ಅಂದ್ರ? ನನ್ನ ಕೊಳ್ಳಪಟ್ಟಿ ಹಿಡೀತಾರ. ಅದಕ್ಕ ಸುತ್ತ ಮಣ್ಣು ತಿರುವಿ ಬಿಡ್ತೀನಿ. ಬರೀ ಮಣ್ಣು ಕಂಡ್ರ ಬೆಂಕಿ ಅಲ್ಲೇ ಕುಂದರತೈತಿ."

"ಬೆಂಕಿ ನೀನೇನು ಹಚ್ಚಿರಂಗಿಲ್ಲಲ್ಲ."

"ಯಾರರೆ ಹಚ್ಚಲಿ, ಹೊಲ ನಂದೈತಲ್ಲ ಯಕ್ಕಾ! ದಾಟಿ ಹೋದ್ರ ಮಂದಿ ನನ್ನನ್ನ ಕೇಳ್ತಾರ."

ನಾನು ಬದುವಿನ ಮೇಲೆ ಕೂತು ಅವನನ್ನೇ ನೋಡಿದೆ. ಚಿಕ್ಕವನಿದ್ದಾಗ ಬೆಲ್ಲದ ಡಬ್ಬಿಯ ಹತ್ತಿರ ಸಿಕ್ಕಿಬಿದ್ದಾಗ ಅವನ ಕಿವಿ ಹೇಗೆ ಕೆಂಪಾಗುತ್ತಿತ್ತೋ ಈಗಲೂ ಹಾಗೆಯೇ ಆಯಿತು. ಟ್ರ್ಯಾಕ್ಟರು ಬಂದ್ ಮಾಡಿದ.

"ನೀ ಇದಕ್ಕ ಬಂದಿ ಅಂತ ನನಗ ಗೊತ್ತಿತ್ತು" ಅಂದ.

"ಇನ್ನೊಂದು ಕೇಳ್ತೀನಿ. ಆಕಿ ಬಣವಿಯಾಗ ಐತಲ್ಲ ನೆಲ್ಲುಹುಲ್ಲು, ಯಾರ ಹೊಲದ್ದು?"

"ನಂದೇ. ನಾನೇ ಹೇರಿ ಕಳಿಸೀನಿ."

"ನಿನ್ನ ಹುಲ್ಲು, ನಿನ್ನ ಜಾಲಿ. ಎರಡೂ ಕೂಡಿ ಆಕಿನ್ನ ಹೊಸಪೇಟಿಗೆ ಕಳಸ್ತಾವ ನೋಡು."

ಊಟಕ್ಕೆ ಕೂತಾಗ ಅವನ ಹೆಂಡತಿ ತುಪ್ಪ ಬಡಿಸಿದಳು. ತಮ್ಮ ತಟ್ಟೆ ನೋಡುತ್ತಾ ಕೇಳಿದ: "ಕಡಸಾನು. ಆದ್ರ ಕೊಡ್ಲಿ ಮದ್ಲು ಯಾರು ಹಾಕೋದು?"

ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಯೋಚಿಸಿದ್ದು ಅದನ್ನೇ. "ಮೂರು ಮಂದಿ ಕೂಡಿ ಹಾಕಾನು. ಒಂದೇ ಕೊಡ್ಲಿ, ಒಂದೇ ಏಟು."

ಅಕ್ಕನನ್ನು ಒಪ್ಪಿಸಲು ತಮ್ಮನ ಒಪ್ಪಿಗೆಯೇ ಸಾಕಾಯಿತು. ಅವನು ಹೋಗುತ್ತಾನೆ ಅಂದ ಮೇಲೆ ಅವಳು ಬಾರದೆ ಇರುತ್ತಾಳೆಯೇ? ರಾಹುಕಾಲ ಕಳೆದ ಮೇಲೆ ಕುರುಗೋಡಿಗೆ ಬಂದಳು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ತೆಂಗಿನಕಾಯಿ. ಜಾಲಿಗೆ ಕುಂಕುಮ ಇಟ್ಟು ಕಾಯಿ ಒಡೆದವರು ಬಳ್ಳಾರಿ ಜಿಲ್ಲೆಯಲ್ಲಿ ನಾವೊಬ್ಬರೇ ಇರಬೇಕು.

ಆಮೇಲೆ ಗೊತ್ತಾಯಿತು, ಕೊಡಲಿಯ ಕಾವು ಒಬ್ಬರಿಗಾಗಿ ಮಾಡಿದ್ದು. ಮೂವರ ಕೈ ಹಿಡಿಯುವುದಿಲ್ಲ. ಅಲಗಿನ ಹತ್ತಿರ ಯಾರ ಕೈ ಇರಬೇಕು ಅನ್ನುವುದಕ್ಕೆ ಮತ್ತೆ ಮಾತು ಬೆಳೆಯಿತು. ಹಿರಿಯಳು ನಾನು ಅಂತ ಅಕ್ಕ. ಗಂಡಸು ನಾನು ಅಂತ ತಮ್ಮ. ಕಡೆಗೆ ಗೆಳತಿ ಸೆಗಣಿ ಕೈ ತೊಳೆದುಕೊಂಡು ಬಂದು ನಮ್ಮನ್ನು ಜೋಡಿಸಿದಳು.

"ಅಕ್ಕಾರ ಕೈ ಮ್ಯಾಲ ಇಡ್ರಿ. ನೀ ನಡಕ ಹಿಡಿಯಪ್ಪ. ಲೇ, ನೀ ಕೆಳಗ. ಹಾಂ, ಈಗ ಎತ್ತರಿ. ನನ್ನ ತಲಿ ಮ್ಯಾಲಲ್ಲ, ಗಿಡದ ಮ್ಯಾಲ!"

ಎತ್ತಿದೆವು. ಅಕ್ಕ ಛತ್ರಿ ಬಿಡಲಿಲ್ಲ, ಅದೂ ಎದ್ದಿತು. ಏಟು ಬಿತ್ತು. ಜಾಲಿಯ ತೊಗಟೆಗೆ ಬೆಕ್ಕು ಪರಚಿದಷ್ಟು ಗಾಯವಾಯಿತು. ಆದರೂ ಮೂವರೂ ಏದುಸಿರು ಬಿಡುತ್ತಾ ನಿಂತು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಸಾಕ್ಷಿಗೆ ಇರಲಿ ಅಂತ ಗೆಳತಿಗೆ ನನ್ನ ಫೋನು ಕೊಟ್ಟು ಫೋಟೋ ತೆಗೆಸಿದ್ದೆ. ಅದರಲ್ಲಿ ಬರೀ ಛತ್ರಿ ಬಂದಿದೆ.

ಮಿಕ್ಕ ಕಡಿತಕ್ಕೆ ಸಂಗನಕಲ್ಲು ಕಡೆಯ ಇದ್ದಿಲಿನವನೊಬ್ಬನನ್ನು ಗೊತ್ತು ಮಾಡಿದ್ದೆವು. ಜಾಲಿಯ ಬೊಡ್ಡೆಗಳೇ ಅವನ ಕೂಲಿ. ಆಳುಗಳನ್ನು ಹಚ್ಚಿ ಸಂಜೆಯೊಳಗೆ ಎಲ್ಲ ಉರುಳಿಸಿದ. ಹುಲ್ಲನ್ನೂ ಕೆತ್ತಿ ತೆಗೆದರು. ಆಮೇಲೆ ಬೆವರು ಒರೆಸಿಕೊಳ್ಳುತ್ತಾ ಬಹಳ ವಿನಯದಿಂದ ಕೇಳಿದ: "ಅಮ್ಮಾರ, ಇಷ್ಟು ದೂರ ಯಾಕ ಹೊರಬೇಕು? ಜಾಗ ಈಗ ಬಯಲಾತು. ಇಲ್ಲೇ ಭಟ್ಟಿ ಹಾಕಿ ಇದ್ದಿಲು ಸುಟ್ಕೊಂಡು ಹೋಗ್ತೀನಿ."

ಗೆಳತಿ ಕುಡುಗೋಲು ಹಿಡಿದುಕೊಂಡು ಹಿತ್ತಲಿನಿಂದ ಹೊರಗೆ ಬಂದ ರೀತಿ ನೋಡಿಯೇ ಅವನಿಗೆ ಉತ್ತರ ಸಿಕ್ಕಿತು. ಬೊಡ್ಡೆಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೊರಟ. ಮುಳ್ಳಿನ ಕೊಂಬೆಗಳನ್ನು ಮಾತ್ರ ಬಿಟ್ಟು ಹೋದ, ಅವು ಅವನಿಗೆ ಬೇಡ.

ರಾಶಿ ರಾಶಿ ಮುಳ್ಳು. ಏನು ಮಾಡುವುದು? ಅಕ್ಕ ಬಯಲನ್ನು ಒಮ್ಮೆ ಕಣ್ಣಿನಿಂದ ಅಳೆದು, ಗೆಳತಿಯ ತಿಪ್ಪೆಯ ಕಡೆ ಒಮ್ಮೆ ನೋಡಿದಳು.

"ಬೇಲಿ ಇಲ್ಲದ ಜಾಗ ಬಾಯಿ ತೆರಕೊಂಡು ನಿಂತಂಗ ಕಾಣ್ತೈತಿ. ಇವತ್ತ ತಿಪ್ಪಿ ಒಂದು ಗೇಣು ಬರತೈತಿ, ನಾಳಿ ಒಂದು ಮಾರು. ಈ ಮುಳ್ಳೇ ಬೇಲಿ ಮಾಡಿ ಕಟ್ಟು."

ತಮ್ಮನಿಗೂ ಸರಿ ಅನ್ನಿಸಿತು. ನನಗೂ ಅನ್ನಿಸಿತು. ಮುಳ್ಳು ಕಂಡರೆ ಬೇಲಿ ಕಟ್ಟುವುದು ನಮ್ಮ ಕೈಗಳಿಗೆ ಹುಟ್ಟಿನಿಂದ ಬಂದದ್ದು. ತಮ್ಮ ಕವಲುಗೋಲಿನಿಂದ ಕೊಂಬೆಗಳನ್ನು ಎತ್ತಿ ಒತ್ತಿ, ತುಳಿದು, ಹಗ್ಗ ಬಿಗಿದು, ಗೆಳತಿಯ ಹಿತ್ತಲಿನ ಉದ್ದಕ್ಕೂ ಕೋಟೆಯ ಹಾಗೆ ಬೇಲಿ ನಿಲ್ಲಿಸಿದ. ಅದರ ಒಂದು ತುದಿ ರಸ್ತೆಗೆ ಮುಟ್ಟಿತು, ಇನ್ನೊಂದು ಬಣವೆಗೆ ಒರಗಿಕೊಂಡಿತು.

ಗೆಳತಿ ಬಂದು ಬೇಲಿ ಮುಟ್ಟಿ ನೋಡಿದಳು. "ಇದು ಒಣಗಿದ ಮ್ಯಾಲ?" ಅಂದಳು.

"ಒಣಗಿದ ಮ್ಯಾಲ ಮುಳ್ಳು ಇನ್ನೂ ಗಟ್ಟಿ ಆಗ್ತಾವ" ಅಂದಳು ಅಕ್ಕ.

ಗೆಳತಿ ನನ್ನ ಮುಖ ನೋಡಿದಳು. ನಾನು ಬೇಲಿಯ ಅಂದ ನೋಡುತ್ತಿದ್ದೆ. "ಚಾ ಕುಡೀರಿ" ಅಂದು ಒಳಗೆ ಹೋದಳು.

ಈ ಸಲ ಫೋಟೋ ನಾನೇ ತೆಗೆದೆ, ಚೆನ್ನಾಗಿ ಬಂತು. ಗುಂಪಿಗೆ ಹಾಕಿದೆ. ಗುಂಪಿನಲ್ಲಿ ಇರುವವರು ನಾವು ಮೂವರೇ, ಮೂವರೂ ಅಲ್ಲೇ ನಿಂತಿದ್ದೆವು, ಆದರೂ ಹಾಕಿದೆ.

ಆಮೇಲೆ ಕೆಲವು ದಿನ ಸುಖವಾಗಿ ಮಲಗಿದೆ. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕ ವಕೀಲನಿಗೆ ಹೆಮ್ಮೆಯಿಂದ ಫೋನು ತೋರಿಸಿದೆ. "ನೋಡಪ್ಪ, ನಿನ್ನ ಕಾಯ್ದಿ ಪ್ರಕಾರ ಎಲ್ಲ ಕಡಿಸೀವಿ."

ಅವನು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದ.

"ಅಮ್ಮಾರ, ಈ ಸಾಲಾಗಿ ಇರೋದು ಏನು?"

"ಬೇಲಿ. ಕಡಿದ ಜಾಲಿದೇ."

"ಮತ್ತ ಈ ತುದಿಗೆ ಇರೋದು ಬಣವಿ ಹೌದಲ್ಲ?" ಫೋನು ವಾಪಸು ಕೊಟ್ಟ. "ಹಸಿ ಜಾಲಿ ಅಷ್ಟು ಸುಲಭಕ್ಕ ಹತ್ತಂಗಿಲ್ಲ ಅಮ್ಮಾರ. ನೀವು ಅದನ್ನ ಕಡಿದು, ಒಣಗಿಸಿ, ರಸ್ತಿ ಕಸದಿಂದ ಬಣವಿ ತನಕ ಬತ್ತಿ ಹೊಸದು ಇಟ್ಟೀರಿ. ಇನ್ನ ಕಡ್ಡಿ ಒಂದು ಬಾಕಿ ಐತಿ."

ಬಳ್ಳಾರಿಯ ಬಿಸಿಲಿನ ಬಗ್ಗೆ ನಾನು ಯಾರಿಗೂ ಹೇಳಬೇಕಾಗಿಲ್ಲ. ಒಗೆದ ಸೀರೆಯ ಒಂದು ತುದಿ ಹರವಿ ಇನ್ನೊಂದು ತುದಿ ಹರವುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಜಾಲಿ ಎಷ್ಟು ಒಣಗಿರಬೇಕು! ಚಪ್ಪಲಿ ಮೆಟ್ಟಿಕೊಂಡು ನೇರ ಬ್ರೂಸ್‌ಪೇಟೆಗೆ ಹೋದೆ. ಬೇಲಿ ತೆಗೆಯಬೇಕು ಅಂದೆ. ಅಕ್ಕ ಛತ್ರಿ ಎತ್ತಿಕೊಂಡಳು.

"ನಾನೂ ಬರ್ತೀನಿ. ನನ್ನ ಬೇಲಿ ಹೆಂಗ ತೆಗೀತಿ ನೋಡ್ತೀನಿ."

ದಾರಿಯಲ್ಲಿ ತಮ್ಮನಿಗೆ ಟ್ರ್ಯಾಕ್ಟರ್ ತಗೊಂಡು ಬಾ ಎಂದು ಒತ್ತಿದೆ. ಈ ಸಲ ಹೂವು ಬರಲಿಲ್ಲ, "ಬಂದೆ" ಅಂತ ಬಂತು.

ಕುರುಗೋಡಿನಲ್ಲಿ ಇಳಿದಾಗ ಬಿಸಿಗಾಳಿ ಬಿಟ್ಟಿತ್ತು. ರಸ್ತೆಯಲ್ಲಿ ಹಾಳೆಗಳು, ಚೀಲಗಳು ಓಡಾಡುತ್ತಿದ್ದವು. ನಮ್ಮ ಜಾಗದ ಮುಂದೆ ನಿಂತು ನೋಡಿದರೆ, ಗೆಳತಿ ಕೊಡ ಹೊತ್ತುಕೊಂಡು ಬಂದು ಬೇಲಿಗೆ ನೀರು ಎರಚುತ್ತಿದ್ದಳು. ಸೀರೆ ಎತ್ತಿ ಕಟ್ಟಿದ್ದಳು, ಮೊಣಕೈ ತನಕ ಮುಳ್ಳು ಗೀರಿದ ಗೆರೆಗಳು. ಒಂದು ಕೊಡ ಸುರಿದು ಬಾನಿಗೆ ಹೋಗಿ ಇನ್ನೊಂದು ತುಂಬಿಕೊಂಡು ಬಂದಳು. ಎರಚಿದ ಕಡೆಯೇ ನೀರು ಆರುತ್ತಿತ್ತು.

ಅಕ್ಕ ಬೆರಗಾಗಿ ನಿಂತಳು. "ಗಿಡಕ್ಕ ನೀರು ಹಾಕೋರನ್ನ ಕಂಡೀನಿ. ಕಡಿದ ಬೇಲಿಗೆ ಹಾಕೋರನ್ನ ಇವತ್ತ ಕಂಡೆ. ಎಂದಿಂದ ಹಾಕಾಕತ್ತೀಯೇ?"

"ನೀವು ಕಟ್ಟಿ ಹೋದ ಮರುದಿನದಿಂದ. ಮುಂಜಾನಿ ಒಮ್ಮಿ, ಸಂಜಿಗೆ ಒಮ್ಮಿ. ಗಾಳಿ ಇದ್ರ ಮಧ್ಯಾಹ್ನನೂ."

"ನನಗ ಯಾಕ ಹೇಳಲಿಲ್ಲಲೇ?" ಅಂದೆ ನಾನು.

"ಬೇಲಿ ತೆಗೀರಿ ಅಂದಿದ್ರ, ಆಕಿಗೆ ಜಾಗದ ಮ್ಯಾಲ ಕಣ್ಣೈತಿ ಅಂತಿದ್ರಿ. ಅಂತಿದ್ರೋ ಇಲ್ಲೋ ಅಕ್ಕಾರ, ನಿಜ ಹೇಳ್ರಿ."

ಅಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಆಗಲೇ ರಸ್ತೆಯ ಆ ಬದಿಯ ಕಸದ ಗುಡ್ಡೆಯಿಂದ ಹೊಗೆ ಎದ್ದದ್ದು ಕಂಡಿತು. ಯಾರು ಹಚ್ಚಿದ್ದರೋ, ಯಾವಾಗ ಹಚ್ಚಿದ್ದರೋ, ಗಾಳಿ ಅದನ್ನು ಕೆದಕಿ ಎಬ್ಬಿಸಿತ್ತು. ಸುಟ್ಟ ಹಾಳೆಯ ಚೂರುಗಳು ಕಪ್ಪು ಚಿಟ್ಟೆಗಳ ಹಾಗೆ ಹಾರಿ ಬಂದವು. ಒಂದು ಬೇಲಿಯ ಮೇಲೆ ದಾಟಿ ಹೋಯಿತು. ಒಂದು ನನ್ನ ಕಾಲ ಬುಡಕ್ಕೆ ಬಿತ್ತು, ಚಪ್ಪಲಿಯಲ್ಲಿ ಒರೆಸಿದೆ. ಇನ್ನೊಂದು ಬಂದು ಅಕ್ಕನ ಛತ್ರಿಯ ಮೇಲೆ ಕೂತಿತು. ನಾವು ಮೂವರೂ ತಲೆ ಎತ್ತಿ ನೋಡುತ್ತಿದ್ದ ಹಾಗೆಯೇ ಛತ್ರಿಯ ಬಟ್ಟೆಯಲ್ಲಿ ಒಂದು ತೂತು ಬಿದ್ದು, ಅಂಚು ಕೆಂಪಗೆ ಆಗಿ, ತೂತು ದೊಡ್ಡದಾಗಿ, ಅದರೊಳಗಿಂದ ಬಿಸಿಲು ಅಕ್ಕನ ಕುಂಕುಮದ ಮೇಲೆ ಬಿತ್ತು.

ಗೆಳತಿ ಕೊಡದ ನೀರನ್ನು ಅಕ್ಕನ ಮೇಲೆಯೇ ಸುರಿದಳು.

ತೊಯ್ದು ನಿಂತ ಅಕ್ಕ ಛತ್ರಿ ಎಸೆದಳು, ಸೆರಗು ಸೊಂಟಕ್ಕೆ ಬಿಗಿದಳು. "ದೋಟಿ ಎಲ್ಲೈತಿ? ಕೊಡು ಇತ್ತಾಗ! ಮದ್ಲು ಬಣವಿ ಕಡಿ ತುದಿ ಎಳೀರಿ. ಏ, ನೋಡಾಕತ್ತೀರೇನು, ಬರ್ರಿ ಎಲ್ಲಾರೂ!" ಕಿಟಕಿಯಿಂದ ಓಣಿ ಆಳುವ ಗಂಟಲು ಅದು. ಸುತ್ತಲಿನ ಮನೆಗಳಿಂದ ಹೆಂಗಸರು ಓಡಿ ಬಂದರು. ಕೆಲವರು ಕಸದ ಗುಡ್ಡೆಗೆ ನೀರು ಹೊಡೆದರು, ಕೆಲವರು ಒದ್ದೆ ಗೋಣಿಚೀಲಗಳನ್ನು ಬಣವೆಯ ಮೇಲೆ ಎಸೆದರು. ಅಕ್ಕ ದೋಟಿಯ ಕೊಕ್ಕೆ ಹಾಕಿ ಎಳೆದರೆ ನಾನೂ ಗೆಳತಿಯೂ ಹಿಂದೆ ನಿಂತು ಅವಳನ್ನೇ ಎಳೆಯುತ್ತಿದ್ದೆವು. ತಮ್ಮ ಬಿಗಿದ ಹಗ್ಗಕ್ಕೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ. ಬೇಲಿಯ ತುದಿ ಬಣವೆಯಿಂದ ಬಿಡಿಸಿಕೊಂಡು ಬಂದಾಗ ಮೂವರೂ ಒಬ್ಬರ ಮೇಲೊಬ್ಬರು ಬಿದ್ದೆವು. ಮೂವರ ಕೈಯಲ್ಲೂ ಮುಳ್ಳು.

ಬಣವೆ ಉಳಿಯಿತು. ಒಂದು ಸೊಪ್ಪೆಯೂ ಕರಿಯಾಗಲಿಲ್ಲ.

ತಮ್ಮ ಬಂದಾಗ ನಾವು ಜಗಲಿಯಲ್ಲಿ ಕೂತು ಅಕ್ಕನ ಬೆರಳಿನ ಮುಳ್ಳನ್ನು ಪಿನ್ನಿನಿಂದ ತೆಗೆಯುತ್ತಿದ್ದೆವು. ಅವನು ನಮ್ಮನ್ನು ನೋಡಿದ, ಛತ್ರಿಯನ್ನು ನೋಡಿದ. ಮುಳ್ಳನ್ನೆಲ್ಲ ಊರಾಚೆಗೆ ಸಾಗಿಸಿದ. ಆಮೇಲೆ ನೇಗಿಲು ಇಳಿಸಿ, ಸಿರುಗುಪ್ಪದ ಹೊಲಕ್ಕೆ ಹಚ್ಚಿದ ಹಾಗೆಯೇ ಜಾಗದ ಸುತ್ತ ಮಣ್ಣಿನ ಅಂಚು ಹಚ್ಚಿದ. ಬಣವೆಯ ಕಡೆ ಅಂಚು ಅಗಲ ಬೇಕು ಅಂದ. ಗೆಳತಿ ತನ್ನ ಹಿತ್ತಲಿನ ಒಂದಿಷ್ಟನ್ನೂ ಉಳು ಅಂದಳು. ನಮ್ಮದಷ್ಟು, ಅವಳದಷ್ಟು ಸೇರಿ ಒಂದೇ ಪಟ್ಟಿಯಾಯಿತು. ಎಲ್ಲಿ ನಮ್ಮದು ಮುಗಿದು ಎಲ್ಲಿ ಅವಳದು ಶುರುವಾಗುತ್ತದೆ ಅನ್ನುವುದು ಈಗ ಯಾರಿಗೂ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ, ಅದು ಅವಳಿಗೆ ಇನ್ನೂ ನಿದ್ದೆ ಕೆಡಿಸುತ್ತಿದೆ.

ಮಳೆ ಬಂತು. ಜಾಗದ ತುಂಬ ಹಸಿರು ಹುಲ್ಲು ಎದ್ದಿತು. ಬೆಳೆಯಲು ಬಿಟ್ಟರೆ ಮುಂದಿನ ಬೇಸಿಗೆಗೆ ಒಣಗಿ ಮತ್ತೆ ಅದೇ ಕತೆ, ಅದೇ ನೋಟೀಸು. ಅದನ್ನು ಕೊಯ್ಯಬೇಕಾದವರು ನಾವು ಮೂವರೇ. ಯಾರು ಕೊಯ್ಯಬೇಕು ಅಂತ ಗುಂಪಿನಲ್ಲಿ ಇನ್ನೂ ಮಾತು ಮುಗಿದಿರಲಿಲ್ಲ, ಅಷ್ಟರಲ್ಲಿ ಅಕ್ಕನ ಧ್ವನಿ ಬಂತು. ಅವಳು ಕುರುಗೋಡಿಗೆ ಮದುವೆಗೆಂದು ಹೋದವಳು, ಜಾಗ ನೋಡದೆ ಬರುತ್ತಾಳೆಯೇ?

"ಇಕಿ ಎಮ್ಮಿ ನಮ್ಮ ಜಾಗದಾಗ ಮೇಯಾಕತ್ತಾವ! ಎಲ್ಲಾವೂ! ಹಿಂಗ ವರ್ಷಾನುಗಟ್ಟಲೆ ಮೇಯ್ಕೋತ ಹೋದ್ರ ನಾಳಿ ಜಾಗ ಎಮ್ಮಿದೇ ಅಂತ ಕೋರ್ಟಿಗೆ ಹೋದ್ರ? ನಿಮ್ಮ ವಕೀಲನ್ನ ಕೇಳು!"

ವಕೀಲನನ್ನು ಬಿಟ್ಟು ನೇರ ಗೆಳತಿಗೇ ಫೋನು ಮಾಡಿ ಕೇಳಿದೆ. ಅವಳು ಹಾಲು ಕರೆಯುತ್ತಿದ್ದಳು, ಚರಿಗೆಗೆ ಹಾಲು ಬೀಳುವ ಸದ್ದು ಕೇಳುತ್ತಿತ್ತು.

"ನೋಟೀಸಿನಾಗ ಏನು ಬರದಿತ್ತು? ಹುಲ್ಲು ತೆಗೀರಿ ಅಂತ ಹೌದಲ್ಲ? ನಿಮ್ಮ ಮೂರು ಮಂದಿ ಕೆಲಸ ನನ್ನ ಎಮ್ಮಿ ಮಾಡಾಕತ್ತಾವ. ಅಕ್ಕಾರಿಗೆ ಅಷ್ಟು ಬ್ಯಾಸರ ಇದ್ರ ಕಳಸು, ತಾವೇ ಬಂದು ಮೇಯ್ಲಿ."

ಒಂದಕ್ಷರ ಬಿಡದೆ ಅದನ್ನು ಗುಂಪಿಗೆ ಒತ್ತಿದೆ. ಬಹಳ ಹೊತ್ತು ಹಿಡಿಯಿತು, ಆದರೆ ಇಂಥ ಮಾತಿಗೆ ಬೆರಳು ನೊಂದರೂ ಪರವಾಗಿಲ್ಲ. ತಮ್ಮ ಕಮಲದ ಹೂವು ಕಳಿಸಿದ, ಅದರ ಪಕ್ಕ ಒಂದು ಎಮ್ಮೆಯನ್ನೂ ಕಳಿಸಿದ. ಅಕ್ಕನಿಂದ ಸುದ್ದಿಯೇ ಇಲ್ಲ. ಸಿಟ್ಟಾದಳು ಅಂದುಕೊಂಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಗುರುಗುಟ್ಟಿತು. ಹಿಂದೆ ಆಟೋಗಳ ಹಾರ್ನು, ಮುಂದೆ ಅಕ್ಕ.

"ಮೇಯ್ಲಿ ಬಿಡು. ಆದ್ರ ಮೇಯೋದು ನಮ್ಮ ಜಾಗದ ಹುಲ್ಲು ಅಂತ ಆಕಿಗೆ ನೆನಪಿರಲಿ. ಮುಂದಿನ ಸಲ ನಿನಗ ಮೊಸರು ತರೋವಾಗ ನನಗೂ ಒಂದು ಗಡಿಗಿ ತರಾಕ ಹೇಳು. ಗಟ್ಟಿದು."